ಹುಳುವಿಗೆ ಗುರುವಾರ ಗೊತ್ತಿಲ್ಲ

ಶಿಡ್ಲಘಟ್ಟದ ಕಡೆ ಒಂದು ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ. ಮುಂದೆ ಜಗಲಿ, ಹಿಂದೆ ಹುಳುಮನೆ. ಕೂಗಿದರೆ ಕೇಳುವಷ್ಟು ದೂರದಲ್ಲಿ ಮುಕ್ಕಾಲು ಎಕರೆ ಹಿಪ್ಪುನೇರಳೆ ತೋಟ. ರೇಷ್ಮೆ ಸಾಕುವವರ ಮನೆಯಲ್ಲಿ ಮಲಗಿದವರಿಗೆ ಗೊತ್ತಿರುತ್ತದೆ, ರಾತ್ರಿ ದೀಪ ಆರಿಸಿದ ಮೇಲೆ ಒಳಗಿನಿಂದ ಸೋನೆ ಮಳೆ ಹಿಡಿದ ಹಾಗೆ ಒಂದು ಸದ್ದು ಬರುತ್ತಿರುತ್ತದೆ. ಸಾವಿರಾರು ಹುಳುಗಳು ಸೊಪ್ಪು ತಿನ್ನುವ ಸದ್ದು ಅದು. ಚಿಕ್ಕಮ್ಮ ಆ ಸದ್ದು ಕೇಳಿಯೇ ಹುಳು ಹೇಗಿದೆ ಅಂತ ಹೇಳುತ್ತಿದ್ದರು.

2008ರ ಬೇಸಿಗೆಯಲ್ಲಿ ಪಿಯುಸಿ ಪರೀಕ್ಷೆ ಮುಗಿಸಿ ನಾನು ಅಲ್ಲಿಗೆ ಹೋಗಿದ್ದೆ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕು ಜ್ವರ ದಾಟಿದರೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಆ ಸಲ ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿಯ ಸದ್ದು ಕಡಿಮೆಯಾಯಿತು. ಬೆಳಗ್ಗೆ ಎದ್ದು ನೋಡಿದರೆ ಹುಳುಗಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಸುತ್ತಾಡುತ್ತಿದ್ದವು. ಮೈ ಊದಿಕೊಂಡು ಹಳದಿಗೆ ತಿರುಗಿತ್ತು. ಒಂದನ್ನು ಮುಟ್ಟಿದೆ. ಚರ್ಮ ಒಡೆದು ಹಾಲಿನಂಥ ನೀರು ಬೆರಳಿಗೆ ಹತ್ತಿತು. ಹಾಲುತೊಂಡೆ ರೋಗ. ಚಿಕ್ಕಮ್ಮ ಏನೂ ಮಾತಾಡಲಿಲ್ಲ. ಒಂದೊಂದೇ ತಟ್ಟೆ ಎತ್ತಿಕೊಂಡು ಹೋಗಿ ಗುಂಡಿಗೆ ಸುರಿದರು, ಮೇಲೆ ಸುಣ್ಣ ಚೆಲ್ಲಿದರು. ಒಂದೂವರೆ ತಿಂಗಳ ಸೊಪ್ಪು, ಚಾಕಿ ಹುಳುವಿಗೆ, ಅಂದರೆ ಕೊಂಡು ತಂದ ಮರಿಹುಳುವಿಗೆ ಕೊಟ್ಟ ದುಡ್ಡು, ಹಗಲು ರಾತ್ರಿಯ ದುಡಿಮೆ ಎಲ್ಲಾ ಆ ಗುಂಡಿಯಲ್ಲಿ ಹೋಯಿತು.

ಅದು ಮಂಗಳವಾರ. ಗುರುವಾರ ಬೆಳಗ್ಗೆ 7 ಗಂಟೆಗೆ ವಾರದ ಕಂತು ಕಟ್ಟುವ ಸಾಲದ ಮೀಟಿಂಗ್.

ಸಾಲ ಕೊಟ್ಟಿದ್ದ ಕಂಪನಿಯ ಹುಡುಗ ಬೈಕಿನಲ್ಲಿ ಬಂದ. ಊರಿನ ಹೆಣ್ಣುಮಕ್ಕಳು ಚಾಪೆಯ ಮೇಲೆ ಐದೈದು ಜನರ ಸಾಲಾಗಿ ಕೂತರು. ಒಬ್ಬೊಬ್ಬರೂ ಸಾಲದ ಪುಸ್ತಕದ ಒಳಗೆ ನೋಟು ಮಡಚಿಟ್ಟುಕೊಂಡು ಬಂದಿದ್ದರು. ಚಿಕ್ಕಮ್ಮನ ಪುಸ್ತಕದಲ್ಲಿ ನೋಟು ಇರಲಿಲ್ಲ. ಹುಡುಗ ಕೂಗಾಡಲಿಲ್ಲ, ಅದನ್ನು ಹೇಳಲೇಬೇಕು. "ಎಲ್ಲರದ್ದೂ ಬಂದರೆ ಮಾತ್ರ ನಾನು ಬರ್ಕೊಳ್ಳೋದು" ಅಂತ ಹೇಳಿ ಸುಮ್ನೆ ಕೂತ. ಹೊತ್ತು ಏರಿತು. ಕೂಲಿಗೆ ಹೋಗಬೇಕಾದವರು ಬಾಗಿಲ ಕಡೆ ನೋಡತೊಡಗಿದರು. ಕೊನೆಗೆ, ಇಪ್ಪತ್ತು ವರ್ಷದಿಂದ ಸಕ್ಕರೆ, ಕಾಫಿಪುಡಿ ಕೊಟ್ಟು ತಗೊಂಡು ಮಾಡುತ್ತಿದ್ದ ಪಕ್ಕದ ಮನೆಯಾಕೆ ತಲೆ ತಗ್ಗಿಸಿಕೊಂಡೇ ಹೇಳಿದಳು: "ಅಕ್ಕ, ಎಲ್ಲಾದ್ರೂ ತಂದು ಕೊಟ್ಬಿಡಕ್ಕ. ನಮ್ಮ ಕೂಲಿ ಹೋಗ್ತದೆ."

ಚಿಕ್ಕಮ್ಮ ಎದ್ದು ಒಳಗೆ ಹೋಗಿ ಸಾಸಿವೆ ಡಬ್ಬಿ ತೆಗೆದರು. ಅದರಲ್ಲಿದ್ದದ್ದು ನನ್ನ ತಂಗಿಯ ಶಾಲೆಗೆ ಅಂತ ಇಟ್ಟಿದ್ದ ದುಡ್ಡು.

ನಾನು ಇಷ್ಟು ವರ್ಷದಲ್ಲಿ ಬಡವರ ಸಾಲ, ಸ್ವಂತ ಉದ್ಯೋಗ, ಕಿರುಸಾಲ ಅಂತ ಓದಿದ್ದೆಲ್ಲಾ ಆ ಗುರುವಾರವನ್ನು ಅರ್ಥ ಮಾಡಿಕೊಳ್ಳೋದಕ್ಕೇ. ಯಾರೂ ಕೆಟ್ಟವರಲ್ಲ. ಚಿಕ್ಕಮ್ಮ ಸೋಮಾರಿ ಅಲ್ಲ, ಪಕ್ಕದ ಮನೆಯಾಕೆಗೆ ಕರುಣೆ ಇಲ್ಲ ಅಂತಲ್ಲ, ಆ ಹುಡುಗನೂ ಸಂಬಳಕ್ಕೆ ಬಂದವನೇ. ಆದರೂ ಏನೋ ಒಂದು ಮುರಿಯಿತು.

ಆ ಸಾಲದ ಪುಸ್ತಕ ಇನ್ನೂ ಚಿಕ್ಕಮ್ಮನ ಟ್ರಂಕಿನಲ್ಲಿದೆ. ಅಸಲು 10,000. ವಾರಕ್ಕೆ 224 ರೂಪಾಯಿಯಂತೆ 50 ವಾರ. ಒಟ್ಟು ಕಟ್ಟಬೇಕಾದದ್ದು 11,200. ಮೇಲ್ನೋಟಕ್ಕೆ ನೂರಕ್ಕೆ 12 ಬಡ್ಡಿ. ಚಿಕ್ಕಮ್ಮನಿಗೂ ಹಾಗೇ ಹೇಳಿದ್ದರು. ಆದರೆ ಲೆಕ್ಕ ಹಾಗಲ್ಲ. ಮೊದಲ ವಾರದಿಂದಲೇ ಅಸಲು ವಾಪಸ್ ಹೋಗುತ್ತಿರುತ್ತದೆ. 25ನೇ ವಾರದ ಹೊತ್ತಿಗೆ ಕೈಯಲ್ಲಿ ಉಳಿದಿರೋದು ಬರೀ 5,000. ವರ್ಷವಿಡೀ ಸರಾಸರಿ ತೆಗೆದರೂ ಅಷ್ಟೇ. ಆ ಐದು ಸಾವಿರಕ್ಕೆ 1,200 ಬಡ್ಡಿ ಅಂದರೆ ಹೆಚ್ಚುಕಡಿಮೆ ನೂರಕ್ಕೆ 24. ಇದನ್ನು ಯಾರೂ ಕೂರಿಸಿಕೊಂಡು ಬಿಡಿಸಿ ಹೇಳಿರಲಿಲ್ಲ.

ಹಾಗಂತ ಬಡ್ಡಿಯೇ ದೊಡ್ಡ ತಪ್ಪು ಅಂತ ನಾನು ಹೇಳೋದಿಲ್ಲ. ನಮ್ಮೂರಿನ ಕೈಸಾಲ ಇದಕ್ಕಿಂತ ದುಬಾರಿ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಅಂದರೆ ವರ್ಷಕ್ಕೆ 36. 5 ರೂಪಾಯಿ ಬಡ್ಡಿ ಅಂದರೆ 60. ಒಡವೆ ಇಲ್ಲದೆ, ಪಹಣಿ ಇಲ್ಲದೆ, ಗುಂಪಿನ ಹೊರಗಿನ ಯಾರ ಜಾಮೀನೂ ಇಲ್ಲದೆ ಬಾಗಿಲಿಗೆ ಬಂದು 10,000 ಕೊಡುವವರು ಅಂಥ ಊರಿಗೆ ಬಂದದ್ದು ಸಣ್ಣ ವಿಷಯವಲ್ಲ. ಬ್ಯಾಂಕಿನ ಮ್ಯಾನೇಜರು ಚಿಕ್ಕಮ್ಮನನ್ನು ಕುರ್ಚಿಯಲ್ಲಿ ಕೂರಿಸಿದ್ದನ್ನು ನಾನು ನೋಡಿಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ಸಾಲು ಇದೆ. ಸಾಲದ ಉದ್ದೇಶ: ಹಸು ಸಾಕಣೆ. ಆಗ ಮನೆಯಲ್ಲಿ ಹಸು ಇರಲಿಲ್ಲ. ದುಡ್ಡು ಹೋದದ್ದು ಚಿಕ್ಕಪ್ಪನ ಆಪರೇಷನ್ನಿಗೆ ಮಾಡಿದ್ದ ಕೈಸಾಲ ತೀರಿಸಲು. ಹೀಗೆ ಸ್ವಂತ ಉದ್ಯೋಗಕ್ಕೆ ಅಂತ ಬರೆಸಿಕೊಂಡ ಎಷ್ಟೋ ಸಾಲ ಆಸ್ಪತ್ರೆಗೆ, ಮದುವೆಗೆ, ಫೀಸಿಗೆ ಹೋಗುತ್ತದೆ. ಕೊಡುವವರಿಗೂ ಅದು ಗೊತ್ತು. ಇದರಲ್ಲಿ ತಗೊಂಡವರದ್ದು ಏನು ತಪ್ಪು? ಗಂಡನ ಹೊಟ್ಟೆನೋವು ಹಸು ಬರುವವರೆಗೆ ಕಾಯುತ್ತದೆಯೇ?

ನನಗೆ ಕಾಣುವ ನಿಜವಾದ ತಪ್ಪು ಬೇರೆ. ಮುಕ್ಕಾಲು ಎಕರೆ ತೋಟದಲ್ಲಿ ವರ್ಷಕ್ಕೆ ಐದಾರು ಬೆಳೆ ಹುಳು ಮೇಯಿಸಬಹುದು. ಅಂದರೆ ಚಿಕ್ಕಮ್ಮನ ಕೈಗೆ ದುಡ್ಡು ಬರೋದು ವರ್ಷಕ್ಕೆ 5 ಅಥವಾ 6 ಸಲ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿದ ದಿನ. ಕಂತು ಬರೋದು 50 ಸಲ. ಮಧ್ಯದ ಗುರುವಾರಗಳಿಗೆ ಎಲ್ಲಿಂದ ತರೋದು? ಮೊದಮೊದಲು ಡಬ್ಬಿಯಿಂದ. ಆಮೇಲೆ ಅಂಗಡಿಯವರಿಗೆ ಸಾಲ ಹೇಳಿ. ಆಮೇಲೆ, ಸೋಮವಾರ ಮೀಟಿಂಗ್ ಮಾಡುವ ಇನ್ನೊಂದು ಕಂಪನಿಯಿಂದ ಸಾಲ ತೆಗೆದು ಗುರುವಾರದ್ದಕ್ಕೆ ಕಟ್ಟೋದು. ಆ ಬೆಳೆ ಹೋದ ಮೇಲೆ ಚಿಕ್ಕಮ್ಮ ಮಾಡಿದ್ದು ಅದನ್ನೇ. ಮೂರು ತಿಂಗಳಲ್ಲಿ ಮೂರು ಪುಸ್ತಕ ಆದವು. ದುರಾಸೆಗೆ ಸಾಲದ ಮೇಲೆ ಸಾಲ ಮಾಡುತ್ತಾರೆ ಅಂತ ಪೇಟೆಯವರು ಸಲೀಸಾಗಿ ಹೇಳುತ್ತಾರೆ. ಕಂತಿನ ದಿನಕ್ಕೂ ದುಡ್ಡು ಬರುವ ದಿನಕ್ಕೂ ತಾಳೆ ಇಲ್ಲದಿದ್ದರೆ ಎಂಥ ಗಟ್ಟಿಗಿತ್ತಿಯೂ ಮಾಡೋದು ಅದನ್ನೇ. ಹುಳುವಿಗೆ ಗುರುವಾರ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ನಾಲ್ಕು ಜ್ವರ ಮಾತ್ರ.

ಇಲ್ಲಿ ನನ್ನನ್ನು ತುಂಬಾ ಕಾಡುವ ಒಂದು ವಿಷಯ ಹೇಳಬೇಕು. ಇದಕ್ಕೆ ಉತ್ತರ ಹೊರಗಿನಿಂದ ಬರಬೇಕಾಗಿರಲಿಲ್ಲ. ಅದು ನಮ್ಮ ಪಕ್ಕದ ಕೋಲಾರದ ನೆಲದಲ್ಲೇ ಮೊದಲಿನಿಂದ ಇತ್ತು.

1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆ ಅಂತ ಶುರುವಾದ ಮೈರಾಡ ಸಂಸ್ಥೆ ಆಮೇಲೆ ಹಳ್ಳಿಗಳ ಕೆಲಸಕ್ಕೆ ಇಳಿಯಿತು. ಬಂಗಾರಪೇಟೆ ಕಡೆಯ ಕಾಮಸಮುದ್ರವೂ ಅದು ಕೆಲಸ ಮಾಡಿದ ಜಾಗಗಳಲ್ಲಿ ಒಂದು. 1980ರ ದಶಕದಲ್ಲಿ ಆ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಕೆಲವು ಒಬ್ಬಿಬ್ಬರ ಕೈಗೆ ಸಿಕ್ಕಿ ಮುರಿದು ಬಿದ್ದವು. ಆಗ ಸಣ್ಣ ಸಣ್ಣ ಗುಂಪಿನ ಜನ ಬಂದು, ನಾವು ಸಾಲ ವಾಪಸ್ ಕೊಡುತ್ತೇವೆ, ಆದರೆ ಆ ಸಂಘಕ್ಕೆ ಕೊಡೋದಿಲ್ಲ ಅಂದರು. ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಜನ, ತಾವೇ ಸೇರಿ, ತಮ್ಮದೇ ದುಡ್ಡು ಕೂಡಿಸಿ, ಯಾರಿಗೆ ಎಷ್ಟು ಅಂತ ತಾವೇ ತೀರ್ಮಾನ ಮಾಡಿದರು. ಅದೇ ಇವತ್ತು ನಾವು ಸ್ವಸಹಾಯ ಸಂಘ ಅನ್ನೋದು. 1986-87ರ ಹೊತ್ತಿಗೆ ಮೈರಾಡದ ಹಳ್ಳಿಗಳಲ್ಲಿ ಸುಮಾರು 300 ಇಂಥ ಗುಂಪುಗಳಿದ್ದವು. 1987ರಲ್ಲಿ ಕೃಷಿ ಮತ್ತು ಹಳ್ಳಿಗಳ ಅಭಿವೃದ್ಧಿಗೆ ಇರುವ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟು ಈ ಪ್ರಯೋಗಕ್ಕೆ ಕೈಜೋಡಿಸಿತು. 1992ರಲ್ಲಿ ದೇಶದಾದ್ಯಂತ 500 ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ಶುರುವಾಯಿತು. ಬಡ ಹೆಂಗಸರಿಗೆ ಅಡಮಾನ ಇಲ್ಲದೆ ಸಾಲ ಕೊಟ್ಟ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಬಗ್ಗೆ ಎಲ್ಲರಿಗೂ ಗೊತ್ತು, 2006ರಲ್ಲಿ ಅದಕ್ಕೂ ಮೊಹಮ್ಮದ್ ಯೂನುಸ್ ಅವರಿಗೂ ನೊಬೆಲ್ ಬಂತು. ನಮ್ಮ ಮನೆ ಹಿತ್ತಲಲ್ಲೇ ಹುಟ್ಟಿದ ಈ ಕತೆ ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಸಂಘದ ಜೀವ ಇರೋದು ಒಂದೇ ಮಾತಿನಲ್ಲಿ. ಮೊದಲು ಉಳಿತಾಯ, ಆಮೇಲೆ ಸಾಲ. ವಾರಕ್ಕೆ 10 ರೂಪಾಯಿಯೋ 20 ರೂಪಾಯಿಯೋ ಹಾಕುತ್ತಾ ಆರು ತಿಂಗಳು ಒಟ್ಟಿಗೆ ಕೂತರೆ, ಯಾರು ಮಾತಿಗೆ ನಿಲ್ಲುತ್ತಾರೆ, ಯಾರ ಗಂಡ ಕುಡಿಯುತ್ತಾನೆ, ಯಾರ ಹುಳು ಯಾವ ಜ್ವರದಲ್ಲಿದೆ ಅಂತ ಎಲ್ಲರಿಗೂ ತಿಳಿಯುತ್ತದೆ. "ನಿನ್ನ ಗೂಡು ಮಾರುಕಟ್ಟೆಗೆ ಹೋದಾಗ ಅಸಲು ಕೊಡು, ಅಲ್ಲಿವರೆಗೂ ಬಡ್ಡಿ ಹಾಕ್ತಿರು" ಅಂತ ಹೇಳೋದಕ್ಕೆ ಆ ತಿಳಿವಳಿಕೆ ಬೇಕು. ಕಂಪ್ಯೂಟರಿನಲ್ಲಿ ಅದಕ್ಕೆ ಒಂದು ಖಾನೆ ಇರೋದಿಲ್ಲ. ಬಡ್ಡಿಯೂ ಹೊರಗೆ ಹೋಗದೆ ಸಂಘದ ಪೆಟ್ಟಿಗೆಗೇ ಬೀಳುತ್ತದೆ.

ಹಾಗೆ ನೋಡಿದರೆ ಎರಡರಲ್ಲೂ ಗುಂಪು ಇದೆ, ಹೆಂಗಸರಿದ್ದಾರೆ, ಚಾಪೆ ಇದೆ, ಪುಸ್ತಕ ಇದೆ. ಆದರೆ ಒಂದರಲ್ಲಿ ಅಕ್ಕಪಕ್ಕದವರು ಸೇರಿ ತೀರ್ಮಾನ ಮಾಡುತ್ತಾರೆ. ಇನ್ನೊಂದರಲ್ಲಿ ಅವರನ್ನು ಕಾವಲಿಗೆ ಕೂರಿಸುತ್ತಾರೆ. ಚಿಕ್ಕಮ್ಮನ ಜಗಲಿಯಲ್ಲಿ ನಾನು ನೋಡಿದ್ದು ಎರಡನೆಯದು.

2009ರ ಆರಂಭದಲ್ಲಿ ಕೋಲಾರದಲ್ಲಿ ಅದು ಒಡೆಯಿತು. ರೇಷ್ಮೆ ನೂಲು ಬಿಚ್ಚುವವರ ವ್ಯಾಪಾರ ಬಿದ್ದಿತ್ತು, ಒಂದೇ ಮನೆಯಲ್ಲಿ ಹಲವು ಕಂಪನಿಗಳ ಸಾಲ ಇತ್ತು. ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿಯವರು ತಮ್ಮ ಸಮುದಾಯದ ಹೆಣ್ಣುಮಕ್ಕಳಿಗೆ ಇನ್ನು ಕಂತು ಕಟ್ಟಬೇಡಿ ಅಂದರು. ಅದು ಶಿಡ್ಲಘಟ್ಟ, ರಾಮನಗರ, ಮೈಸೂರಿಗೂ ಹಬ್ಬಿತು. ಹೆಚ್ಚಿನವು ರೇಷ್ಮೆಯ ಊರುಗಳೇ, ಗಮನಿಸಿ. ವಾರದ ಕಂತಿಗೆ ಹೊಂದದ ಕಸುಬು ಇದ್ದ ಕಡೆಯೇ ಮೊದಲು ಬಿರುಕು ಬಿಟ್ಟದ್ದು ಕಾಕತಾಳೀಯ ಅಂತ ನನಗೆ ಅನ್ನಿಸೋದಿಲ್ಲ. ಮುಂದಿನ ವರ್ಷ ಆಂಧ್ರದಲ್ಲಿ ಆತ್ಮಹತ್ಯೆಗಳ ಸುದ್ದಿ ಬಂತು, 2010ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಿತು, ವಸೂಲಿ ನಿಂತೇ ಹೋಯಿತು. ಕೋಲಾರದ ಎಚ್ಚರಿಕೆಯನ್ನು ಯಾರಾದರೂ ಕಿವಿಗೆ ಹಾಕಿಕೊಂಡಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲವೇನೋ.

ಈಗ ನಿಯಮಗಳು ಇವೆ, ಒಳ್ಳೆಯವೇ ಇವೆ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ಕಟ್ಟಳೆ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡಮಾನ ಇಲ್ಲದೆ ಕೊಡೋದು ಕಿರುಸಾಲ. ಎಲ್ಲಾ ಸಾಲದ ಕಂತು ಸೇರಿದರೂ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ನಿಜವಾದ ಬಡ್ಡಿ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ನೆಂಟರಿಗೆ, ಜೊತೆ ಕೆಲಸದವರಿಗೆ ಕಿರುಕುಳ ಕೊಡುವಂತಿಲ್ಲ. ಗೊತ್ತುಮಾಡಿದ ಜಾಗಕ್ಕೆ ಸತತ ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಸಾಲ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ ಇಷ್ಟನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಅಕ್ಕಪಕ್ಕದವರಿಗೂ ಹೇಳಿ.

ಅದೇ ಕಟ್ಟಳೆಯಲ್ಲಿ ಇನ್ನೊಂದು ಮಾತೂ ಇದೆ. ಕಂತು ವಾರಕ್ಕೋ, ಹದಿನೈದು ದಿನಕ್ಕೋ, ತಿಂಗಳಿಗೋ ಅನ್ನೋದನ್ನು ಸಾಲಗಾರರ ಅಗತ್ಯ ನೋಡಿ ಸಡಿಲ ಮಾಡುವ ನೀತಿ ಪ್ರತಿ ಸಂಸ್ಥೆಗೂ ಇರಬೇಕು. ನಾನು ಹುಡುಕುತ್ತಿದ್ದ ಮಾತು ಅದೇ! ಆದರೆ ಹಳ್ಳಿಯಲ್ಲಿ "ನನ್ನ ಕಂತನ್ನ ಗೂಡು ಮಾರೋ ದಿನಕ್ಕೆ ಇಟ್ಟುಕೊಡಿ" ಅಂತ ಕೇಳಿ ಪಡೆದ ಒಬ್ಬರನ್ನೂ ನಾನು ಇನ್ನೂ ನೋಡಿಲ್ಲ. ಕೇಳಬಹುದು ಅಂತಲೇ ಯಾರಿಗೂ ಗೊತ್ತಿಲ್ಲ.

ನಿಯಮ ಕಾಗದದಲ್ಲೇ ಉಳಿದರೆ ಏನಾಗುತ್ತದೆ ಅಂತ 2025ರ ಜನವರಿಯಲ್ಲಿ ಮತ್ತೆ ನೋಡಿದೆವು. ಚಾಮರಾಜನಗರ, ಮೈಸೂರು ಕಡೆಯ ಊರುಗಳಲ್ಲಿ ಮನೆಗೆ ಬೀಗ ಹಾಕಿ ಹೊರಟು ಹೋದವರ ಸುದ್ದಿ ಬಂತು. ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸಿದರು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆ ಕಾನೂನು ಬೇಕಿತ್ತು. ಆದರೆ ಜೈಲಿನ ಭಯ ವಸೂಲಿಯವನ ಬಾಯಿ ಮುಚ್ಚಿಸಬಹುದೇ ಹೊರತು, ಗುರುವಾರವನ್ನು ಗೂಡಿನ ದಿನಕ್ಕೆ ತಂದು ಸೇರಿಸೋದಿಲ್ಲ.

ದುಡಿಮೆಯ ಹದ ನೋಡಿ ದುಡ್ಡಿನ ವ್ಯವಹಾರ ಮಾಡಿದವರು ನಮ್ಮಲ್ಲೇ ಇದ್ದರು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲು ಒಂದು ಬ್ಯಾಂಕ್ ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಅನ್ನುವ ದಿನದ ಉಳಿತಾಯ ಶುರು ಮಾಡಿದರು. ದಿನಕ್ಕೆ 2 ಆಣೆ, ಏಜೆಂಟ್ ಬಾಗಿಲಿಗೇ ಬಂದು ತಗೊಂಡು ಹೋಗೋದು. ದಿನಾ ದುಡಿದು ದಿನಾ ದುಡ್ಡು ಕಾಣುವ ಮೀನು ಮಾರುವಾಕೆಗೆ, ಬೀಡಿ ಕಟ್ಟುವಾಕೆಗೆ, ಗೂಡಂಗಡಿಯವರಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಇವತ್ತಿಗೂ ಕರಾವಳಿಯಲ್ಲಿ ಪಿಗ್ಮಿ ಅನ್ನೋದು ಮನೆಮಾತು.

ಅದೇ ದಿನದ ದುಡಿಮೆಗೆ ಉಲ್ಟಾ ಕಟ್ಟಿದ ಸಾಲವೂ ಇದೆ. ಮಾರ್ಕೆಟ್ಟಿನಲ್ಲಿ ಸೊಪ್ಪು, ಹೂವು ಮಾರುವವರು ಬೆಳಗ್ಗೆ 1,000 ಅಂತ ಸಾಲ ಬರೆಸಿದರೆ ಕೈಗೆ ಸಿಗೋದು 900. ಸಂಜೆಗೆ ಪೂರ್ತಿ 1,000 ವಾಪಸ್. ತಿಂಗಳಲ್ಲಿ 25 ದಿನ ಹೀಗೆ ಮಾಡಿದರೆ 900 ರೂಪಾಯಿಗೆ 2,500 ಬಡ್ಡಿ. 2018ರಲ್ಲಿ ರಾಜ್ಯ ಸರ್ಕಾರ ಬೀದಿ ವ್ಯಾಪಾರಿಗಳಿಗೆ 10,000ದವರೆಗೆ ಬಡ್ಡಿ ಇಲ್ಲದ ಸಾಲ ಕೊಡಲು ಬಡವರ ಬಂಧು ತಂದದ್ದು, 2020ರಲ್ಲಿ ಕೇಂದ್ರ ಸರ್ಕಾರ ಸ್ವನಿಧಿ ತಂದದ್ದು ಇಂಥವರಿಗೇ. ಆ ಮೊದಲ ಹತ್ತು ಸಾವಿರ ಹೂವಿನ ಅಂಗಡಿಯನ್ನು ದೊಡ್ಡದು ಮಾಡದಿದ್ದರೂ ಪರವಾಗಿಲ್ಲ. ಆ ದಿನದ ನೂರು ರೂಪಾಯಿ ಮನೆಗೆ ಬಂದರೆ ಸಾಕು.

ಸಾಲದಿಂದ ಬಡತನ ಹೋಗುತ್ತದೆ ಅನ್ನುವ ದೊಡ್ಡ ಮಾತನ್ನು ನಾನು ನಂಬೋದು ಬಿಟ್ಟು ಬಹಳ ದಿನ ಆಯಿತು. ನಮ್ಮ ಹೈದರಾಬಾದಿನದ್ದೂ ಸೇರಿ ಆರು ದೇಶಗಳಲ್ಲಿ ನಡೆದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಕಿರುಸಾಲದಿಂದ ಕೆಲವರಿಗೆ ಸ್ವಲ್ಪ ಅನುಕೂಲ ಆಗುತ್ತದೆ, ಬದುಕೇ ಬದಲಾಗುವಂಥದ್ದು ಏನೂ ಆಗೋದಿಲ್ಲ ಅಂತ ಅವು ಹೇಳಿದವು. ಕಸುಬು ಕೈಯಲ್ಲಿದ್ದು ಬಂಡವಾಳ ಮಾತ್ರ ಇಲ್ಲದವರಿಗೆ ಸಾಲ ಕೆಲಸಕ್ಕೆ ಬರುತ್ತದೆ. ಕಸುಬೇ ಇಲ್ಲದವರಿಗೆ? 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಅದಕ್ಕೆ ಒಂದು ದಾರಿ ಮಾಡಿತು. ಹುಡುಗ ಹುಡುಗಿಯರನ್ನು ಅಲ್ಲೇ ಇರಿಸಿಕೊಂಡು, ಊಟ ಹಾಕಿ, ಪುಕ್ಕಟೆ ಕಸುಬು ಕಲಿಸಿ, ವಾಪಸ್ ಊರಿಗೆ ಹೋದ ಮೇಲೂ ವಿಚಾರಿಸಿಕೊಳ್ಳೋದು. ಆಮೇಲೆ ಅದನ್ನು ನೋಡಿಯೇ ದೇಶದ ಬೇರೆ ಜಿಲ್ಲೆಗಳಲ್ಲೂ ಬ್ಯಾಂಕುಗಳು ಇಂಥ ತರಬೇತಿ ಕೇಂದ್ರ ತೆರೆದವು.

ಅದಕ್ಕಿಂತ ಕೆಳಗೆ ಇರುವವರನ್ನು ಸಂಘವೂ ಮುಟ್ಟೋದಿಲ್ಲ. ಇದನ್ನು ಸಂಘವನ್ನು ಪ್ರೀತಿಸುವ ನಾನೇ ಹೇಳಬೇಕು. ವಾರಕ್ಕೆ 20 ರೂಪಾಯಿ ಹಾಕಲಾಗದೆ ನಾಲ್ಕು ವಾರಕ್ಕೆ ಬಿಟ್ಟುಹೋದ ಒಬ್ಬ ಅಜ್ಜಿ ಚಿಕ್ಕಮ್ಮನ ಊರಲ್ಲೂ ಇದ್ದರು. ಅವರಿಗೆ ಬೇಕಾದದ್ದು ಸಾಲವಲ್ಲ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಿಂದ ಅಂಥವರಿಗೆ ಮೊದಲು ಆಡೋ ಹಸುವೋ ಕೊಟ್ಟು, ಅದು ಫಲ ಕೊಡುವವರೆಗೆ ಹೊಟ್ಟೆಗೆ ಸ್ವಲ್ಪ ದುಡ್ಡು ಕೊಟ್ಟು, ವಾರ ವಾರ ಬಂದು ನೋಡಿಕೊಂಡು ಹೋಗುವ ಪದ್ಧತಿ ಮಾಡಿತು. ಎರಡು ವರ್ಷ ಒಬ್ಬರ ಜೊತೆ ನಿಲ್ಲುವ ತಾಳ್ಮೆ ಅದು.

ಚಿಕ್ಕಮ್ಮ ಮೂರು ಪುಸ್ತಕಗಳಿಂದ ಹೊರಗೆ ಬರೋದಕ್ಕೆ ನಾಲ್ಕು ವರ್ಷ ಹಿಡಿಯಿತು. ಬಂದದ್ದು ಹೇಗೆ ಅಂತ ಕೇಳಿದರೆ ಅವರು ಹಸುವನ್ನು ತೋರಿಸುತ್ತಾರೆ. ಊರಿನ ಹಳೇ ಸಂಘದವರು ಬ್ಯಾಂಕಿನಿಂದ ಬಂದ ದುಡ್ಡಲ್ಲಿ ಅವರಿಗೆ ಒಂದು ಹಸು ಕೊಡಿಸಿದರು, ಈ ಸಲ ನಿಜವಾದ ಹಸು. ಡೈರಿಯಲ್ಲಿ 15 ದಿನಕ್ಕೊಮ್ಮೆ ಹಾಲಿನ ಬಟವಾಡೆ. ಬಟವಾಡೆಯ ಮಾರನೇ ದಿನವೇ ಕಂತು ಅಂತ ಸಂಘದವರು ಬರೆದುಕೊಂಡರು. ಗೂಡಿನ ದುಡ್ಡು ಮನೆಗೆ, ಹಾಲಿನ ದುಡ್ಡು ಸಾಲಕ್ಕೆ. ಹಸು ಬತ್ತಿದ ಎರಡು ತಿಂಗಳು ಬಡ್ಡಿ ಮಾತ್ರ ತಗೊಂಡರು. ಕಂತು ಕಟ್ಟಲು ಇನ್ನೊಂದು ಸಾಲ ಮಾಡಿಸಲಿಲ್ಲ. ಆ ಗುರುವಾರ ತಲೆ ತಗ್ಗಿಸಿ ಮಾತಾಡಿದ ಪಕ್ಕದ ಮನೆಯಾಕೆಯೇ ಆಗ ಸಂಘದ ಪುಸ್ತಕ ಬರೆಯುತ್ತಿದ್ದಳು.

ಹೋದ ತಿಂಗಳು ಊರಿಗೆ ಹೋದಾಗ ಸಂಘದ ಸಭೆಯಲ್ಲಿ ನಾನೂ ಮೂಲೆಯಲ್ಲಿ ಕೂತಿದ್ದೆ. ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಹುಡುಗಿ 40,000 ಕೇಳಿದಳು. ಚಿಂತಾಮಣಿಯಿಂದ ಸೀರೆ, ಮಕ್ಕಳ ಬಟ್ಟೆ ತಂದು ಮನೆಯಲ್ಲೇ ಮಾರಬೇಕಂತೆ. ಯಾರೂ ಒಡವೆ ಇದೆಯಾ ಅಂತ ಕೇಳಲಿಲ್ಲ, ಗಂಡನ ಸಹಿ ಕೇಳಲಿಲ್ಲ. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ದುಡ್ಡು ಯಾವಾಗ ಬರ್ತದಮ್ಮ?"

ಹುಡುಗಿ ಯೋಚನೆ ಮಾಡಿದಳು. ಯುಗಾದಿಗೆ, ರಂಜಾನಿಗೆ, ಗೌರಿಹಬ್ಬಕ್ಕೆ, ದೀಪಾವಳಿಗೆ ಅಂತ ಬೆರಳು ಮಡಚಿದಳು. ಆಷಾಢದಲ್ಲಿ ಏನೂ ಇರೋದಿಲ್ಲ ಅಂದಳು. ಜನ ಕಂತಿನ ಮೇಲೆ ತಗೊಳ್ಳುತ್ತಾರೆ, ಗೂಡು ಮಾರಿದ ಮೇಲೆ ಕೊಡುತ್ತಾರೆ ಅಂತಲೂ ಸೇರಿಸಿದಳು. ಸ್ವಲ್ಪ ಹೊತ್ತು ಚರ್ಚೆ ಆಯಿತು. ಮೊದಲು 15,000 ತಗೋ, ಗೌರಿಹಬ್ಬ ಹೇಗಾಗುತ್ತದೆ ನೋಡೋಣ, ಆಷಾಢಕ್ಕೆ ಕಂತು ಬೇಡ ಅಂತ ಆಯಿತು. ಪಕ್ಕದ ಮನೆಯಾಕೆ ಅದನ್ನೆಲ್ಲಾ ನಿಧಾನಕ್ಕೆ ಪುಸ್ತಕದಲ್ಲಿ ಬರೆದಳು, ಹಬ್ಬಗಳ ಹೆಸರು ಸಮೇತ. ಚಿಕ್ಕಮ್ಮ ಎದ್ದು ನಿಂತರು. ಹುಳುವಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು.